ಭೂಮಿಯ ವಯಸ್ಸಿಗೆ ಅಡ್ಡ ಬಂದ ಸೀಸ

ನಿಮಗಿದು ಗೊತ್ತೆ? ಭೂಮಿಗೆ ಸುಮಾರು 455 ಕೋಟಿ ವರ್ಷ ಎಂದು 1956ರಲ್ಲಿ ಲೆಕ್ಕ ಕೊಟ್ಟ ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್, ಅದಕ್ಕೂ ಮುಂಚೆ ವರ್ಷಗಟ್ಟಲೆ ಮಾಡಿದ್ದು ಪ್ರಯೋಗಾಲಯ ತೊಳೆಯುವ ಕೆಲಸ!

ಯುರೇನಿಯಂ ಬಹು ನಿಧಾನವಾಗಿ ಸೀಸವಾಗುತ್ತದೆ. ಹಾಗಾಗಿ ಶಿಲೆ, ಉಲ್ಕೆಗಳಲ್ಲಿರುವ ಸೀಸವೇ ಗಡಿಯಾರ. ಆದರೆ ಪ್ಯಾಟರ್ಸನ್ ಅಳೆದಾಗಲೆಲ್ಲ ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಸೀಸ ಸಿಗುತ್ತಿತ್ತು. ಗಾಳಿ, ನೀರು, ಗಾಜಿನ ಪಾತ್ರೆ, ಬಟ್ಟೆ, ಅಷ್ಟೇಕೆ, ತಲೆಗೂದಲಿನಿಂದಲೂ ಅದು ಮಾದರಿಗೆ ಬೆರೆಯುತ್ತಿತ್ತು. ಪಾತ್ರೆಗಳನ್ನು ಆಸಿಡ್‌ನಲ್ಲಿ ತೊಳೆದು, ಸೋಸಿದ ಗಾಳಿಯನ್ನಷ್ಟೇ ಒಳಬಿಟ್ಟು ಅವರು ಕ್ಯಾಲ್ಟೆಕ್ ವಿಜ್ಞಾನ ಸಂಸ್ಥೆಯಲ್ಲಿ ಸಜ್ಜುಗೊಳಿಸಿದ ಕೋಣೆ ಮಡಿಯಲ್ಲಿ ಯಾವ ದೇವರಮನೆಗೂ ಕಡಿಮೆಯಿರಲಿಲ್ಲ.

ವಯಸ್ಸೇನೋ ಸಿಕ್ಕಿತು. ಈ ಹಾಳು ಸೀಸ ಬಂದದ್ದೆಲ್ಲಿಂದ?

ಉತ್ತರಕ್ಕಾಗಿ ಅವರ ತಂಡ ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾದ ಹಿಮ ಕೊರೆಯಿತು. ಹಿಮದಲ್ಲಿ ವರ್ಷಕ್ಕೊಂದು ಪದರ; ಕೆಳಗಿಳಿದಷ್ಟೂ ಹಳೆಯದು. ಗ್ರೀನ್‌ಲ್ಯಾಂಡ್‌ನ ಹಳೆಯ ಪದರಗಳಲ್ಲಿ ಸೀಸ ಇಲ್ಲವೆನ್ನುವಷ್ಟು ಕಡಿಮೆ, ಹೊಸತರಲ್ಲಿ ನೂರಾರು ಪಟ್ಟು ಹೆಚ್ಚು. ಇಪ್ಪತ್ತನೇ ಶತಮಾನದಲ್ಲಿ ಅದು ದಿಢೀರನೆ ಏರಲು ಮುಖ್ಯ ಕಾರಣ, ಎಂಜಿನ್ ಬಡಿತ ತಡೆಯಲು ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ. ಆ ಸೀಸ ತಯಾರಿಸುತ್ತಿದ್ದ ಉದ್ಯಮಕ್ಕೆ ಈ ಮಾತು ಹಿಡಿಸಲಿಲ್ಲ, ಹಿಡಿಸುವಂಥದ್ದೂ ಆಗಿರಲಿಲ್ಲ.

ಪ್ಯಾಟರ್ಸನ್ 1995ರಲ್ಲಿ ತೀರಿಕೊಂಡರು. ಭಾರತದ ಬಂಕ್‌ಗಳಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಎಲ್ಲಕ್ಕಿಂತ ಕೊನೆಯದಾಗಿ ಅಲ್ಜೀರಿಯಾದಲ್ಲಿ, 2021ರಲ್ಲಿ.