ಘಟ್ಟವೇರುವಾಗ ತಪ್ಪುವ ಕಿಡಿ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್ ಇವೆರಡೂ ಮಳೆಗೆ ಹೆಸರಾದ ಊರುಗಳು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಎರಡು ಕಡೆಯೂ ಕರಾವಳಿಯಿಂದ ಮೇಲೇರಿ ಬರುವ ಘಟ್ಟದ ರಸ್ತೆಗಳಿವೆ. ಹಳೆಯ ಮೋಟಾರುಗಾಡಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನಾವುದು? ಸಾಗರದ ಪೇಟೆಯಲ್ಲಿ ಸೊಗಸಾಗಿ ಓಡಿದ ಗಾಡಿಯೇ ಏರುತಿರುವಿನಲ್ಲಿ ಗಕ್ಕಗಕ್ಕನೆ ಮುಗ್ಗರಿಸತೊಡಗುತ್ತದೆ. ‘ಇಂಜಿನು ಮಿಸ್ ಹೊಡೆಯುತ್ತಿದೆ’ ಎನ್ನುತ್ತಾರೆ ಮೆಕ್ಯಾನಿಕರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ, ಹಿಂದೆ ಸಾಲುಗಟ್ಟಿದ ವಾಹನಗಳು; ಅಂಥಲ್ಲಿ ಇಂಜಿನಿನ ಬಲ ಕುಂದುವುದು ಕೇವಲ ಕಿರಿಕಿರಿಯಲ್ಲ, ಅಪಾಯವೇ ಸರಿ.

ಹಳೆಯ ಸ್ಪೋರ್ಟ್ಸ್ ಕಾರುಗಳ ಈ ಚಿರಪರಿಚಿತ ಕಾಯಿಲೆ ನಮಗೂ ದೂರದ್ದಲ್ಲ. ಇಂಗ್ಲೆಂಡಿನಲ್ಲಿ 1955ರಲ್ಲಿ ಹೊರಬಂದ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರಿನ 1,489 ಘನ ಸೆಂಟಿಮೀಟರಿನ ಇಂಜಿನೂ, ನಮ್ಮ ಅಂಬಾಸಡರಿನಲ್ಲಿ ಬಹುಕಾಲ ದುಡಿದ ಪೆಟ್ರೋಲ್ ಇಂಜಿನೂ ಒಂದೇ ವಂಶದವು. ಅದಕ್ಕೆ ಎರಡು ಕಾರ್ಬುರೇಟರು, ಇದಕ್ಕೆ ಒಂದು. ಕಿಡಿ ಹಾರಿಸುವ ಏರ್ಪಾಡು ಮಾತ್ರ ಒಂದೇ ಬಗೆಯದು. ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. ಆದುದರಿಂದ ಬಿಡಿಭಾಗಗಳನ್ನೆಲ್ಲ ಒಂದೊಂದಾಗಿ ಬದಲಿಸಿ ನೋಡುವುದಕ್ಕಿಂತ, ಯೋಚಿಸಿ ಹುಡುಕುವುದೇ ಲೇಸು.

ಮೊದಲು ಕಿಡಿಯ ಹುಟ್ಟನ್ನು ನೋಡೋಣ. ಬ್ಯಾಟರಿಯ ಬಲ ಕೇವಲ 12 ವೋಲ್ಟು. ಇಗ್ನಿಷನ್ ಕಾಯಿಲಿನ ದಪ್ಪ ತಂತಿಯ ಸುರುಳಿಯಲ್ಲಿ ಹರಿಯುವ ಪ್ರವಾಹವನ್ನು ಪಾಯಿಂಟುಗಳು ಬಿರಿದು ಥಟ್ಟನೆ ಕಡಿಯುತ್ತವೆ. ಆಗ ತೆಳುತಂತಿಯ ಸುರುಳಿಯಲ್ಲಿ ಸಾವಿರಾರು ವೋಲ್ಟುಗಳು ಪ್ರೇರಿತವಾಗುತ್ತವೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದು. ಈ ವಿದ್ಯುತ್ತನ್ನು ಡಿಸ್ಟ್ರಿಬ್ಯೂಟರು 1, 3, 4, 2 ಎಂಬ ಕ್ರಮದಲ್ಲಿ ನಾಲ್ಕು ಸಿಲಿಂಡರುಗಳಿಗೆ ಹಂಚುತ್ತದೆ. ಇಂಜಿನು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಕಿಡಿಗಳು ಬೇಕು!

ಹಾಗಾದರೆ ಸಪಾಟಿನಲ್ಲಿ ತಪ್ಪದ ಕಿಡಿ ಏರಿನಲ್ಲಿಯೇ ತಪ್ಪುವುದೇಕೆ? ಅನಿಲದ ಒತ್ತಡ ಹೆಚ್ಚಿದಂತೆ ಅದರೊಳಗೆ ಕಿಡಿ ಹಾರಿಸಲು ಹೆಚ್ಚು ವೋಲ್ಟು ಬೇಕೆಂಬುದನ್ನು ಜರ್ಮನಿಯ ಪಾಶೆನ್ 1889ರಲ್ಲಿ ತೋರಿಸಿಕೊಟ್ಟನು. ಏರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಮಿಶ್ರಣ ನುಗ್ಗಿ ಒತ್ತಡ ಏರುತ್ತದೆ. ಪ್ಲಗ್ಗಿನ ಬಿರುಕನ್ನು ದಾಟುವುದು ಕಿಡಿಗೆ ಕಷ್ಟವಾಗುತ್ತದೆ. ಅದೇ ವೇಳೆಗೆ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಮೇಲೆ ಕೊಳೆಯೂ ತೇವವೂ ಕೂಡಿದ್ದರೆ, ವಿದ್ಯುತ್ತು ಆ ಸುಲಭದ ದಾರಿಯನ್ನೇ ಹಿಡಿದು ಸೋರಿಹೋಗುತ್ತದೆ. ಹೀಗೆ ಸೋರಿದ ದಾರಿಯುದ್ದಕ್ಕೂ ಮುಚ್ಚಳ ಕರಕಾಗಿ ಇಂಗಾಲದ ಸಣ್ಣ ಗೆರೆ ಮೂಡುವುದುಂಟು. ಒಮ್ಮೆ ಗೆರೆ ಮೂಡಿದರೆ, ಎಷ್ಟು ಒಣಗಿಸಿದರೂ ಮುಚ್ಚಳ ಕೆಲಸಕ್ಕೆ ಬಾರದು.

ಈಗ ತಪಾಸಣೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ನಮಗೆ ದಾರಿದೀಪ. ಇಂಜಿನನ್ನು ನಿಲ್ಲಿಸಿ, ಒಂದು ಪ್ಲಗ್ಗಿನ ವೈರನ್ನು ಬಿಚ್ಚಿ, ಅದರ ತುದಿಯನ್ನು ಇಂಜಿನಿನ ಲೋಹಕ್ಕೆ ಭದ್ರವಾಗಿ ತಾಗಿಸಿಟ್ಟು ಮತ್ತೆ ಚಾಲೂ ಮಾಡಬೇಕು. ಓಟ ಇನ್ನಷ್ಟು ಕುಂಟಿದರೆ ಆ ಸಿಲಿಂಡರು ಅದುವರೆಗೆ ದುಡಿಯುತ್ತಿತ್ತೆಂದು ಅರ್ಥ. ಯಾವುದನ್ನು ಬಿಚ್ಚಿದರೆ ಏನೂ ವ್ಯತ್ಯಾಸವಾಗದೋ ಅದೇ ಮೈಗಳ್ಳ. ಅದರ ಪ್ಲಗ್ಗನ್ನು ನೆರೆಯ ಸಿಲಿಂಡರಿನದಕ್ಕೆ ಅದಲುಬದಲು ಮಾಡಿ ನೋಡಿರಿ. ದೋಷವೂ ಜೊತೆಗೆ ಹೋದರೆ ಪ್ಲಗ್ಗು ಕೆಟ್ಟಿದೆ. ಅಲ್ಲಿಯೇ ಉಳಿದರೆ ವೈರು, ಮುಚ್ಚಳ, ವಾಲ್ವುಗಳ ಕಡೆ ಗಮನ ಹರಿಸಬೇಕು. ಕಪ್ಪು ಮಸಿ ಹಿಡಿದ ಪ್ಲಗ್ಗು ಪೆಟ್ರೋಲಿನ ಅಂಶ ಅತಿಯಾದುದನ್ನು ಸೂಚಿಸಿದರೆ, ನಸುಗಂದು ಬಣ್ಣದ ಪ್ಲಗ್ಗು ಆರೋಗ್ಯದ ಗುರುತು. ನಾಲ್ಕು ಸಿಲಿಂಡರುಗಳೂ ಒಟ್ಟಿಗೆ ಸೊರಗಿ, ಕಾರ್ಬುರೇಟರು ‘ಫಟ್’ ಎಂದು ಸೀನಿದರೆ, ಪೆಟ್ರೋಲಿನ ಪೂರೈಕೆಯನ್ನು ಶಂಕಿಸಬೇಕು.

ನಿಂತಲ್ಲಿ ಎಲ್ಲವೂ ಸರಿಯಾಗಿ ಕಂಡು, ಏರಿನಲ್ಲಿ ಮಾತ್ರ ದೋಷ ತೋರಿದರೆ? ರಾತ್ರಿಯ ಕತ್ತಲಲ್ಲಿ ಬಾನೆಟ್ಟನ್ನು ತೆರೆದು ನೋಡಬೇಕು. ಸೋರುವ ವಿದ್ಯುತ್ತು ವೈರಿನ ಮೇಲೆ ನೀಲಿ ಮಿಣುಕಾಗಿ ಕಾಣಿಸೀತು. ಆದರೆ ಪೆಟ್ರೋಲಿನ ವಾಸನೆಯಿದ್ದಲ್ಲಿ ಈ ಪರೀಕ್ಷೆ ಸಲ್ಲದು; ಇಂಜಿನು ಓಡುತ್ತಿರುವಾಗ ವೈರುಗಳನ್ನು ಮುಟ್ಟಲೂ ಕೂಡದು. ಅನುಭವಿ ಮೆಕ್ಯಾನಿಕರು ಜೊತೆಯಲ್ಲಿರುವುದು ಅಗತ್ಯ.

ಮುಂಗಾರಿಗೆ ಮೊದಲೇ ಮುಚ್ಚಳವನ್ನು ಒಳಹೊರಗೆ ಒರೆಸಿ, ಬಿರುಕುಬಿಟ್ಟ ವೈರುಗಳನ್ನು ಬದಲಿಸಿ, ಪಾಯಿಂಟು ಮತ್ತು ಪ್ಲಗ್ಗುಗಳ ಅಂತರವನ್ನು ಅಳೆದು ಸರಿಪಡಿಸಿಕೊಂಡರೆ ಘಟ್ಟದ ದಾರಿ ಬಹುಮಟ್ಟಿಗೆ ನಿರಾತಂಕವಾದೀತು. ಕಿಡಿ ತಪ್ಪಿತೆಂದರೆ ಅದು ಬೇರೊಂದು ಸುಲಭದ ದಾರಿಯನ್ನು ಕಂಡುಕೊಂಡಿರಬಹುದು. ಆ ದಾರಿಯನ್ನು ಹುಡುಕಿ ಮುಚ್ಚುವುದೇ ನಮ್ಮ ಕೆಲಸ.