ವಾಹನ ವೇಗ ಸಂವೇದಕ ಮಂಡಲದ ದೋಷಪತ್ತೆ

ವಾಹನ ವೇಗ ಸಂವೇದಕವು ವಾಹನದ ವೇಗವನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುವ ಸಾಧನ. ಗ್ಯಾರೇಜುಗಳಲ್ಲಿ ಇದನ್ನು ಸ್ಪೀಡ್ ಸೆನ್ಸರ್ ಎನ್ನುತ್ತಾರೆ. ಸಂವೇದಕ, ತಂತಿಗಳು, ಕನೆಕ್ಟರ್ ಹಾಗೂ ಸಂಕೇತವನ್ನು ಸ್ವೀಕರಿಸುವ ಇಸಿಯು ಸೇರಿ ಒಂದು ವಿದ್ಯುನ್ಮಂಡಲವಾಗುತ್ತದೆ.

ವಿಧಗಳು

ಸಂವೇದಕವು ಸಾಮಾನ್ಯವಾಗಿ ಗೇರ್‌ಬಾಕ್ಸಿನ ಹೊರದಂಡದ ಬಳಿ ಇರುತ್ತದೆ. ಹಲವು ಹೊಸ ವಾಹನಗಳಲ್ಲಿ ಎಬಿಎಸ್‌ನ ಚಕ್ರ ಸಂವೇದಕಗಳೇ ಈ ಕೆಲಸ ಮಾಡುತ್ತವೆ. ಕಾಂತೀಯ ಸುರುಳಿಯ ಬಗೆಗೆ ಎರಡು ತಂತಿಗಳಿದ್ದು, ಅದು ತಾನೇ ಪರ್ಯಾಯ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಗೇರ್‌ಬಾಕ್ಸಿನಲ್ಲಿರುವ ಹಾಲ್ ಪರಿಣಾಮದ ಬಗೆಗೆ ಸಾಮಾನ್ಯವಾಗಿ ಪೂರೈಕೆ, ಅರ್ಥ್ ಮತ್ತು ಸಂಕೇತ ಎಂಬ ಮೂರು ತಂತಿಗಳಿರುತ್ತವೆ.

ಲಕ್ಷಣಗಳು

ವೇಗಮಾಪಕದ ಮುಳ್ಳು ನಿಲ್ಲುವುದು ಅಥವಾ ಅದುರುವುದು, ಓಡೋಮೀಟರ್ ಏರದಿರುವುದು, ಸ್ವಯಂಚಾಲಿತ ಗೇರ್ ಎಳೆತದೊಂದಿಗೆ ಬದಲಾಗುವುದು ಮುಖ್ಯ ಲಕ್ಷಣಗಳು. ಸ್ಕ್ಯಾನರಿನಲ್ಲಿ ಪಿ0500ರಿಂದ ಪಿ0503ರವರೆಗಿನ ಸಂಕೇತಸಂಖ್ಯೆಗಳು ಕಾಣಬಹುದು. ಇವು ದೋಷವಿರುವ ಮಂಡಲವನ್ನು ಸೂಚಿಸುತ್ತವೆಯೇ ಹೊರತು ಸಂವೇದಕವೇ ಕೆಟ್ಟಿದೆ ಎಂದು ಹೇಳುವುದಿಲ್ಲ.

ಮಲೆನಾಡಿನ ಸನ್ನಿವೇಶ

ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ ಭಾಗದ ಮುಂಗಾರು ಮಳೆ ಹಾಗೂ ಕಾಫಿ ತೋಟಗಳ ಕೆಸರು ದಾರಿಗಳಲ್ಲಿ ವಾಹನದ ಅಡಿಭಾಗ ಸದಾ ಒದ್ದೆಯಾಗಿರುತ್ತದೆ. ಕನೆಕ್ಟರಿನ ರಬ್ಬರ್ ಸೀಲು ಸಡಿಲವಾದರೆ ನೀರು ಸೇರಿ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿ ಘಾಟಿಯಂತಹ ಇಳಿಜಾರಿನಲ್ಲಿ ವೇಗಮಾಪಕ ಕೆಟ್ಟರೆ ಚಾಲಕನು ವೇಗವನ್ನು ಅಂದಾಜಿಸಬೇಕಾಗುತ್ತದೆ. ಅಂದಾಜು ತಪ್ಪಿ ಬ್ರೇಕನ್ನೇ ಅವಲಂಬಿಸಿದರೆ ಅದು ಕಾದು ಹಿಡಿತ ಕುಂದುತ್ತದೆ. ಆದ್ದರಿಂದ ಘಾಟಿ ಇಳಿಯುವ ಮೊದಲೇ ದುರಸ್ತಿ ಮಾಡಿಸುವುದು ಅಗತ್ಯ.

ಪರೀಕ್ಷಾ ಕ್ರಮ

1. ಫ್ಯೂಸ್, ತಂತಿ ಮತ್ತು ಕನೆಕ್ಟರನ್ನು ಕಣ್ಣಾರೆ ಪರಿಶೀಲಿಸಬೇಕು. ಇಲಿ ಕಡಿದ ಅಥವಾ ಸೈಲೆನ್ಸರ್ ಕೊಳವೆಗೆ ತಗುಲಿ ಸುಟ್ಟ ತಂತಿಯನ್ನು ಗಮನಿಸಬೇಕು.
2. ಹಾಲ್ ಬಗೆಯಲ್ಲಿ ಕನೆಕ್ಟರ್ ಕಳಚಿ, ಕೀಲಿ ತಿರುಗಿಸಿ, ಮಲ್ಟಿಮೀಟರಿನಿಂದ ಪೂರೈಕೆಯನ್ನು ಅಳೆಯಬೇಕು. ವಾಹನದ ಕೈಪಿಡಿಯಂತೆ ಅದು 5 ಅಥವಾ 12 ವೋಲ್ಟ್ ಆಸುಪಾಸಿನಲ್ಲಿರುತ್ತದೆ. ಅರ್ಥ್ ತಂತಿಯನ್ನೂ ಪರೀಕ್ಷಿಸಬೇಕು.
3. ಕನೆಕ್ಟರನ್ನು ಮತ್ತೆ ಜೋಡಿಸಿ, ಸಮತಟ್ಟಾದ ನೆಲದಲ್ಲಿ ಚಾಲಕ ಚಕ್ರವನ್ನು ಎತ್ತಿ, ಸ್ಟ್ಯಾಂಡ್ ಕೊಟ್ಟು, ಉಳಿದ ಚಕ್ರಗಳಿಗೆ ಕಲ್ಲು ಅಡ್ಡವಿಟ್ಟು, ಗೇರ್ ನ್ಯೂಟ್ರಲ್‌ನಲ್ಲಿರುವಾಗ ಚಕ್ರವನ್ನು ಕೈಯಿಂದ ತಿರುಗಿಸಬೇಕು. ಸಂಕೇತ ತಂತಿಯ ವೋಲ್ಟೇಜ್ ಏರಿಳಿದರೆ ಸಂವೇದಕ ಕೆಲಸ ಮಾಡುತ್ತಿದೆ ಎಂದರ್ಥ.
4. ಕಾಂತೀಯ ಬಗೆಯಲ್ಲಿ ಸುರುಳಿಯ ರೋಧವನ್ನು ಕೈಪಿಡಿಯ ಮೌಲ್ಯದೊಂದಿಗೆ ಹೋಲಿಸಬೇಕು. ಹಾಲ್ ಸಂವೇದಕವನ್ನು ಓಮ್ ಅಳತೆಯಿಂದ ಪರೀಕ್ಷಿಸಬಾರದು.
5. ಸಂವೇದಕದಲ್ಲಿ ಸಂಕೇತವಿದ್ದೂ ಇಸಿಯುವಿಗೆ ತಲುಪದಿದ್ದರೆ ನಡುವಿನ ತಂತಿ ತುಂಡಾಗಿರುತ್ತದೆ. ಬ್ಯಾಟರಿ ಕಳಚಿ ತಂತಿಯ ಸಂಪರ್ಕವನ್ನು ಅಳೆಯಬೇಕು; ಅಳೆಯುವಾಗ ತಂತಿಯನ್ನು ಅಲುಗಾಡಿಸಿದರೆ ಬಿಟ್ಟು ಬಿಟ್ಟು ಬರುವ ದೋಷವೂ ಬಯಲಾಗುತ್ತದೆ.

ಪೂರೈಕೆ, ಅರ್ಥ್, ತಂತಿ ಎಲ್ಲವೂ ಸರಿಯಿದ್ದು ಸಂಕೇತವೇ ಹುಟ್ಟದಿದ್ದರೆ, ಸಂವೇದಕವನ್ನು ತಿರುಗಿಸುವ ಹಲ್ಲುಚಕ್ರ ಸವೆದಿದೆಯೇ ಎಂದು ನೋಡಿದ ನಂತರವೇ ಸಂವೇದಕವನ್ನು ಬದಲಿಸಬೇಕು. ಇಸಿಯುವನ್ನು ಸಂಶಯಿಸುವುದು ಕೊನೆಯ ಹಂತ. ದುರಸ್ತಿಯ ಬಳಿಕ ಸಂಕೇತಸಂಖ್ಯೆಯನ್ನು ಅಳಿಸಿ, ಸಮತಟ್ಟಾದ ರಸ್ತೆಯಲ್ಲಿ ವಾಹನವನ್ನು ಓಡಿಸಿ ಖಚಿತಪಡಿಸಿಕೊಳ್ಳಲಾಗುತ್ತದೆ.