ಲದ್ದಿಯಲ್ಲಿ ಸಿಗುವ ವಂಶಾವಳಿ

"ಮೇಷ್ಟ್ರೇ, ನಿಮ್ಮ ಶಿಷ್ಯೆ ಡಾಕ್ಟರೇಟ್ ಮುಗಿಸಿದ್ಲು ಅಂದ್ರಲ್ಲ, ಇನ್ನೂ ಅದೇನೋ ಓದ್ತಾವ್ಳಂತೆ?" ಹಳೇಬೀಡಿನ ಸಂತೆಯಲ್ಲಿ ಸಿಕ್ಕ ಅವಳ ದೊಡ್ಡಪ್ಪ ಕೇಳಿದರು. ಮಾತಿನಲ್ಲಿ ಕೊಂಕಿರಲಿಲ್ಲ, ಚಿಂತೆಯಿತ್ತು. ಮೂವತ್ತು ದಾಟುತ್ತಿದೆ, ಕಾಯಂ ನೌಕರಿ ಇಲ್ಲ, ಆನೆ ಲದ್ದಿ ಹುಡುಕಿಕೊಂಡು ಕಾಫಿ ತೋಟ ಸುತ್ತುತ್ತಾಳೆ. ಅವರಿಗೆ ಅಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ಅವರೊಬ್ಬರ ಮನೆಯದಲ್ಲ.

ಅವಳು ಈಗ ಮಾಡುತ್ತಿರುವುದು ಓದಲ್ಲ, ಕೆಲಸ. ಪಿಎಚ್.ಡಿ.ಯಲ್ಲಿ ಗುರುಗಳ ಕೈಹಿಡಿದು ಒಂದು ಪ್ರಶ್ನೆಯನ್ನು ಕೊನೆ ಮುಟ್ಟಿಸುವುದನ್ನು ಕಲಿಯುತ್ತಾರೆ. ಆಮೇಲೆ ಎರಡು ಮೂರು ವರ್ಷ ಬೇರೆ ಪ್ರಯೋಗಾಲಯ ಸೇರಿ, ಗೊತ್ತಿಲ್ಲದ ವಿದ್ಯೆ ಕಲಿತು, ತನ್ನದೇ ಪ್ರಶ್ನೆ ಹಿಡಿದು ದುಡಿಯಬೇಕು. ಇದಕ್ಕೆ ಪೋಸ್ಟ್‌ಡಾಕ್ ಎನ್ನುತ್ತಾರೆ. ಪ್ರಾಧ್ಯಾಪಕರಾಗಲಿ ವಿಜ್ಞಾನಿಯಾಗಲಿ, ಇಂದು ಸಂಶೋಧನೆಯಲ್ಲಿ ನೆಲೆ ನಿಲ್ಲಬೇಕಾದವರಲ್ಲಿ ಹೆಚ್ಚಿನವರು ಈ ಹೊಸಿಲು ದಾಟಿಯೇ ಹೋಗಬೇಕು.

ನಾನು ಹಳೇಬೀಡಿನ ಪಕ್ಕದ ಹುಲಿಕೆರೆಯವನು. ಹೊಯ್ಸಳರ ಕಾಲದ ಕಲ್ಯಾಣಿಯ ಮೆಟ್ಟಿಲ ಮೇಲೆ ಆಡಿ ಬೆಳೆದು, ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ನಮ್ಮ ಮೂಡಲಿಗೆ ಅರಸೀಕೆರೆಯ ಹಿರೇಕಲ್ ಗುಡ್ಡದಲ್ಲಿ ಕರಡಿಗಳಿವೆ. ಪಡುವಲಿಗೆ ಬೇಲೂರು, ಬಿಕ್ಕೋಡು, ಅರೇಹಳ್ಳಿ ಕಡೆಯ ತೋಟಗಳಲ್ಲಿ ಆನೆ ಹಿಂಡುಗಳು. ಚಿರತೆಗಂತೂ ಗಡಿಯೇ ಇಲ್ಲ. ಇಷ್ಟು ಪ್ರಾಣಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ, ಇವುಗಳ ವಿಕಾಸವನ್ನೂ ವಂಶವನ್ನೂ ಅಕ್ಷರ ಅಕ್ಷರವಾಗಿ ಓದುವ ಜೀನೋಮಿಕ್ಸ್ ಎಂಬ ವಿದ್ಯೆಯೊಂದು ಬೆಂಗಳೂರಿನಲ್ಲೇ ಇದೆ ಎಂಬುದು ತಿಳಿದಿಲ್ಲ.

ಆ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದು ಬಿಕ್ಕೋಡಿನ ಕಡೆಯ ಒಂದು ತೋಟದಲ್ಲಿ. ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ. ರಾತ್ರಿ ಬಿದ್ದ ಲದ್ದಿಯ ಮುಂದೆ ನನ್ನ ಶಿಷ್ಯೆ ಕುಕ್ಕರುಗಾಲಲ್ಲಿ ಕೂತು, ಕೈಗೆ ಗವಸು ಹಾಕಿ, ಉಂಡೆಯ ಮೇಲ್ಮೈಯನ್ನಷ್ಟೇ ಹತ್ತಿಯ ಕಡ್ಡಿಯಿಂದ ಸವರಿದಳು. "ಒಳಗಿರೋದೆಲ್ಲ ಹುಲ್ಲು, ಬಿದಿರು ಸಾರ್. ನಮಗೆ ಬೇಕಾದ್ದು ಹೊರಗಿನ ಈ ಲೋಳೆ" ಎಂದಳು. ಕರುಳಿನಿಂದ ಜಾರಿ ಬರುವಾಗ ಆನೆಯ ಜೀವಕೋಶಗಳು ಆ ಲೋಳೆಗೆ ಅಂಟಿಕೊಂಡಿರುತ್ತವೆ. ಬಿಸಿಲು ಬಿದ್ದರೆ, ಮಳೆ ಹೊಯ್ದರೆ ಅದರಲ್ಲಿನ ಡಿಎನ್ಎ ಮುರಿದುಹೋಗುತ್ತದೆ, ಅದಕ್ಕೇ ಬೆಳಗಿನ ಜಾವದ ಧಾವಂತ. ಕಡ್ಡಿಯ ತುದಿಯನ್ನು ಸಂರಕ್ಷಕ ದ್ರಾವಣವಿದ್ದ ಪುಟ್ಟ ಕೊಳವೆಯೊಳಗೆ ಮುರಿದು ಹಾಕಿ, ಮುಚ್ಚಳ ಬಿಗಿದು, ದಿನಾಂಕ, ಜಾಗ ಬರೆದಳು. ಆನೆಗೆ ಅರಿವಳಿಕೆಯ ಚುಚ್ಚುಮದ್ದಿಲ್ಲ, ಬೆನ್ನಟ್ಟುವುದಿಲ್ಲ, ಗಾಬರಿಯಿಲ್ಲ. ಇದಕ್ಕೂ ಅರಣ್ಯ ಇಲಾಖೆಯ ಅನುಮತಿ ಪತ್ರ ಜೇಬಿನಲ್ಲಿರಲೇಬೇಕು.

ಇಂಥ ಲದ್ದಿಯಿಂದ ದೇಶದ ಆನೆಗಳನ್ನೇ ಎಣಿಸಿದ್ದಾರೆ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ 21,056 ಲದ್ದಿ ಮಾದರಿಗಳಿಂದ 4,065 ಆನೆಗಳನ್ನು ಒಂದೊಂದಾಗಿ ಗುರುತಿಸಿ, ಅದರ ಆಧಾರದ ಮೇಲೆ ದೇಶದಲ್ಲಿ ಸುಮಾರು 22,446 ಆನೆಗಳಿವೆ ಎಂದು ಅಂದಾಜಿಸಿತು. ಆ ವರದಿ ಹೊರಬಂದದ್ದು 2025ರಲ್ಲಿ. 6,013 ಆನೆಗಳೊಡನೆ ಕರ್ನಾಟಕವೇ ಮೊದಲು.

ಎಣಿಸುವುದಕ್ಕೆ ಡಿಎನ್ಎಯ ಕೆಲವು ಗುರುತುಗಳು ಸಾಕು. ಜೀನೋಮಿಕ್ಸ್ ಅದಕ್ಕಿಂತ ಆಳಕ್ಕೆ ಇಳಿಯುತ್ತದೆ. ಆನೆಯ ಜೀನೋಮ್, ಅಂದರೆ ಅದರ ಇಡೀ ಡಿಎನ್ಎ ಬರಹ, ಮುನ್ನೂರು ಕೋಟಿಗೂ ಹೆಚ್ಚು ಅಕ್ಷರಗಳದ್ದು. ಯಂತ್ರ ಅದನ್ನು ಸಾಮಾನ್ಯವಾಗಿ ಚೂರು ಚೂರಾಗಿ ಓದಿಕೊಡುತ್ತದೆ. ಹರಿದ ಓಲೆಗರಿಗಳನ್ನು ಕೂಡಿಸಿ ಗ್ರಂಥ ಕಟ್ಟಿದಂತೆ ಕಂಪ್ಯೂಟರಿನಲ್ಲಿ ಜೋಡಿಸಬೇಕು. ತಾಯಿಯಿಂದ ಒಂದು, ತಂದೆಯಿಂದ ಒಂದು ಪ್ರತಿ ಬಂದಿರುತ್ತದಲ್ಲ, ಎರಡೂ ಉದ್ದುದ್ದ ಭಾಗಗಳಲ್ಲಿ ಒಂದೇ ತೆರನಾಗಿದ್ದರೆ ಆ ಜೀವದ ಪೂರ್ವಿಕರು ರಕ್ತಸಂಬಂಧಿಗಳು ಎಂದರ್ಥ. ಹಿಂಡು ಎಷ್ಟು ಕುಗ್ಗಿದೆ, ಎಂದಿನಿಂದ ಒಂಟಿಯಾಗಿದೆ ಎಂಬುದನ್ನೂ ಹೀಗೆ ಲೆಕ್ಕ ಹಾಕುತ್ತಾರೆ.

2024ರಲ್ಲಿ ಅನುಭಬ್ ಖಾನ್, ರಾಮನ್ ಸುಕುಮಾರ್, ಉಮಾ ರಾಮಕೃಷ್ಣನ್ ಮೊದಲಾದವರು ಸೇರಿ 34 ಆನೆಗಳ ಪೂರ್ಣ ಜೀನೋಮ್ ಓದಿ ಪ್ರಕಟಿಸಿದರು. ಸುಕುಮಾರ್ ಭಾರತೀಯ ವಿಜ್ಞಾನ ಸಂಸ್ಥೆಯವರು, ಉಮಾ ರಾಮಕೃಷ್ಣನ್ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರು. ಭಾರತದ ಆನೆಗಳಲ್ಲಿ ಐದು ಬೇರೆ ಬೇರೆ ಸಮೂಹಗಳಿವೆ, ಅವು ಉತ್ತರದಿಂದ ದಕ್ಷಿಣಕ್ಕೆ ಹಂತ ಹಂತವಾಗಿ ಹರಡಿದವು, ಪ್ರತಿ ಹಂತದಲ್ಲೂ ವೈವಿಧ್ಯ ಕಳೆದುಕೊಂಡವು ಎಂದು ಅವರು ತೋರಿಸಿದರು. ಪಶ್ಚಿಮ ಘಟ್ಟದಲ್ಲೇ ಮೂರು ಸಮೂಹ. ಪಾಲಕ್ಕಾಡ್ ಮತ್ತು ಸೆಂಗೋಟೆ ಕಣಿವೆಗಳು ಅವುಗಳ ನಡುವಿನ ಗಡಿ. ನಮ್ಮ ಬೇಲೂರು ಸೀಮೆಯ ಆನೆಗಳು ಪಾಲಕ್ಕಾಡ್ ಕಣಿವೆಯ ಬಡಗಣ ಸಮೂಹಕ್ಕೆ ಸೇರುತ್ತವೆ.

ಇದರಿಂದ ರೈತನಿಗೇನು? ತುಂಬಾ ಇದೆ. ಹೈಕೋರ್ಟ್ ನೇಮಿಸಿದ, ಸುಕುಮಾರ್ ಅಧ್ಯಕ್ಷತೆಯ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟ ಮೇಲೆ, 2014ರಲ್ಲಿ ಆಲೂರು ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಆದರೂ ನಮ್ಮ ಹಾಸನ ಜಿಲ್ಲೆಗೆ ಆನೆ ಬರುವುದು ನಿಂತಿಲ್ಲ. ಬಂದವು ಯಾವ ಕಾಡಿನವು, ಹಿಂಡುಗಳ ನಡುವೆ ನಂಟಿದೆಯೇ, ಹಿಡಿದ ಆನೆಯನ್ನು ಯಾವ ಕಾಡಿಗೆ ಬಿಟ್ಟರೆ ಅಲ್ಲಿನ ವಂಶಕ್ಕೆ ಕೇಡಿಲ್ಲ ಎಂಬುದಕ್ಕೆ ಊಹೆಯ ಉತ್ತರ ಸಾಲದು. ಬೆಳೆಯೂ ಪ್ರಾಣವೂ ಹೋಗುತ್ತಿರುವ ನೆಲದಲ್ಲಿ ಈ ಪ್ರಶ್ನೆ ಹಿಡಿದು ಕೂರುವವರು ಬೇಕು, ಅವರಿಗೆ ತೋಟದ ಭಾಷೆ ಬರಬೇಕು. ಆಳುಕಾಳು ಹೇಳುವ ಗುರುತು ಅರ್ಥವಾಗದವರಿಗೆ ಲದ್ದಿಯೂ ಸಿಕ್ಕುವುದಿಲ್ಲ.

ಹುಲಿಯ ವಿಷಯದಲ್ಲೂ ಉಮಾ ರಾಮಕೃಷ್ಣನ್ ಅವರ ಬಳಗ ಹೆಸರು ಮಾಡಿದೆ. ಒಡಿಶಾದ ಸಿಮಿಲಿಪಾಲದ ಕಪ್ಪು ಹುಲಿಗಳ ಗುಟ್ಟು ಒಂದು ಜೀನಿನ ಒಂದೇ ಅಕ್ಷರದ ಬದಲಾವಣೆ ಎಂದು 2021ರಲ್ಲಿ ಕಂಡುಕೊಂಡದ್ದು ಅವರೇ.

ಅವಕಾಶಗಳು ಎಲ್ಲಿವೆ? ಬೆಂಗಳೂರಿನ ವಿಜ್ಞಾನ ಸಂಸ್ಥೆ, ಜೀವವಿಜ್ಞಾನ ಕೇಂದ್ರಗಳ ಜೊತೆಗೆ ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ), ಅಳಿವಿನಂಚಿನ ಪ್ರಾಣಿಗಳಿಗಾಗಿಯೇ ಇರುವ ಲಾಕೋನ್ಸ್ ಪ್ರಯೋಗಾಲಯ, ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ ಇವೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಎರಡು ವರ್ಷದ್ದು. ವಯೋಮಿತಿ 35, ಮಹಿಳೆಯರಿಗೆ ಮತ್ತು ಮೀಸಲು ವರ್ಗದವರಿಗೆ ಸಡಿಲಿಕೆಯಿದೆ, ಪ್ರಬಂಧ ಸಲ್ಲಿಸಿ ಪದವಿಗೆ ಕಾಯುತ್ತಿರುವವರೂ ಅರ್ಜಿ ಹಾಕಬಹುದು. ಮೊದಲು ಮಾರ್ಗದರ್ಶಕರೊಬ್ಬರನ್ನು ಹುಡುಕಿ ಒಪ್ಪಿಸಿಕೊಳ್ಳಬೇಕು. ಯುರೋಪಿಗೆ ಹೋಗುವವರಿಗೆ ಮೇರಿ ಕ್ಯೂರಿ ಫೆಲೋಶಿಪ್ ಇದೆ. ಆದರೆ ನಮ್ಮ ಕಾಡಿನ ಮಾದರಿಗಳು ಅಷ್ಟು ಸಲೀಸಾಗಿ ಗಡಿ ದಾಟುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 2002ರ ಜೀವವೈವಿಧ್ಯ ಕಾಯ್ದೆ ಅಡ್ಡ ನಿಲ್ಲುತ್ತವೆ. ನನ್ನ ಮಟ್ಟಿಗೆ ಇದು ಒಳ್ಳೆಯದೇ. ಹೊರಗೆ ಕಲಿತವರು ಇಲ್ಲಿಗೇ ಮರಳಿ ಬಂದು ಓದಬೇಕಾಗುತ್ತದೆ.

ಕಷ್ಟವನ್ನೂ ಹೇಳಬೇಕು. ಕರಾರು ಮುಗಿದ ಮೇಲೆ ಮುಂದೇನು ಎಂಬ ಖಾತ್ರಿ ಇಲ್ಲ, ಫೆಲೋಶಿಪ್ ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ. ಹೆಣ್ಣುಮಕ್ಕಳಿಗೆ ಸರಿಯಾಗಿ ಈ ವರ್ಷಗಳಲ್ಲೇ ಮದುವೆಯ ಒತ್ತಾಯ. ಒಳ್ಳೆಯ ಪ್ರಶ್ನೆಯೊಂದನ್ನು ಅರ್ಧಕ್ಕೆ ಬಿಟ್ಟು ಬಂದವರನ್ನು ಕಂಡು ನನ್ನ ಹೊಟ್ಟೆ ಉರಿದಿದೆ.

ಪಿಯುಸಿಯಲ್ಲಿರುವ ಮಕ್ಕಳಿಗೆ ನನ್ನದೊಂದು ಮಾತು: ಜೀವಶಾಸ್ತ್ರ ಇಷ್ಟವೆಂದು ಗಣಿತ ಬಿಡಬೇಡಿ. ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಬಾರದೆ ಜೀನೋಮ್ ಓದಲಾಗದು. ಬಿ.ಎಸ್ಸಿ. ಮುಗಿಸಿದವರು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವನ್ಯಜೀವಿ ಎಂ.ಎಸ್ಸಿ. ಕಡೆ ಕಣ್ಣಿಡಿ, ಅದಕ್ಕೆ ಎರಡು ವರ್ಷಕ್ಕೊಮ್ಮೆ ಪ್ರವೇಶ. ಹೆತ್ತವರಲ್ಲಿ, ದೊಡ್ಡಪ್ಪ ಚಿಕ್ಕಪ್ಪಂದಿರಲ್ಲಿ ಕೇಳಿಕೊಳ್ಳುವುದಿಷ್ಟೆ: ಮಗಳು ಪೋಸ್ಟ್‌ಡಾಕ್ ಮಾಡುತ್ತೇನೆಂದರೆ ಆ ಎರಡು ಮೂರು ವರ್ಷ ಅವಳಿಗೆ ಬಿಟ್ಟುಕೊಡಿ.